ಐದನೇ ತಟ್ಟೆಯ ಸೊಪ್ಪು

ಮಾರ್ಗಶಿರ ಮಾಸ, ಬುಧವಾರ, ಬೆಳಿಗ್ಗೆ ಐದೂ ಮುಕ್ಕಾಲು. ಹಾಜರಿದ್ದವರು ನಾನು, ನನ್ನ ತಂಗಿ, ಎಂಟು ತಟ್ಟೆ ಮರಿಹುಳು. ಹೊರಗೆ ಮಂಜು. ಕೋಣೆಯೊಳಗೆ ಇಪ್ಪತ್ತೈದು ಡಿಗ್ರಿ, ಇರಬೇಕಾದದ್ದಕ್ಕಿಂತ ಎರಡು ಕಡಿಮೆ.

ಹೀಗೆ ಬರೆದೇ ನನಗೆ ಅಭ್ಯಾಸ. ಮೂವತ್ತನಾಲ್ಕು ವರ್ಷ ಸರ್ಕಾರಿ ಕೆಲಸದಲ್ಲಿ ರೈತರಿಗೆ ರೇಷ್ಮೆ ಹುಳು ಸಾಕುವುದನ್ನು ಕಲಿಸಿದವಳು ನಾನು. ಕನಕಪುರದಲ್ಲಿ ಹನ್ನೊಂದು ವರ್ಷ, ಉಳಿದದ್ದು ಮಾಗಡಿ ಕಡೆ. ನಿವೃತ್ತಿಯಾದ ಮೇಲೆ ತವರಾದ ಗುಡೇಮಾರನಹಳ್ಳಿಗೆ ಬಂದು ಹಿತ್ತಲಲ್ಲಿ ಒಂದು ಚಾಕಿ ಕೋಣೆ ಕಟ್ಟಿಸಿದೆ. ಮೊಟ್ಟೆಯೊಡೆದ ಹುಳುವನ್ನು ಎಂಟು ಹತ್ತು ದಿನ ಕೂಸಿನಂತೆ ನೋಡಿಕೊಂಡು ರೈತರಿಗೆ ಒಪ್ಪಿಸುವುದೇ ಚಾಕಿ ಕೆಲಸ. ನನಗೆ ಈಗ ಎಪ್ಪತ್ತೆರಡು. ತಂಗಿಗೆ ಅರವತ್ತಾರು. ಆರು ವರ್ಷದ ಹಿಂದೆ ಗಂಡ ಹೋದ ಮೇಲೆ ಅವಳು ಬೈರಾಪಟ್ಟಣದಿಂದ ಬಂದು ನನ್ನ ಜೊತೆ ಇದ್ದಾಳೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೆಚ್ಚಿ, ಕುಕ್ಕೆ ತುಂಬಿ ಕೋಣೆಯ ಬಾಗಿಲವರೆಗೆ ತರುವುದು ಅವಳ ಪಾಲು. ಬಾಗಿಲಿನಿಂದ ಒಳಗೆ ನನ್ನದು. ಬೀಗದ ಕೈ ನನ್ನ ಸೊಂಟದಲ್ಲಿ, ರಿಜಿಸ್ಟರು ನನ್ನ ಮೇಜಿನ ಮೇಲೆ.

ನಮ್ಮ ಸೀಮೆಯಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಲು ಬಿಟ್ಟು, ಕಾಯಬೇಕು. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಮೊದಲ ಸೊಪ್ಪು. ಅವಸರಪಟ್ಟರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನಡಿ ಹೂತು ಹಿಂದೆ ಬೀಳುತ್ತವೆ. ಆಮೇಲೆ ರೈತನ ಮನೆಯಲ್ಲಿ ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟುತ್ತಿರುವಾಗ ಉಳಿದರ್ಧ ಸೊಪ್ಪು ಕೇಳುತ್ತಿರುತ್ತದೆ. ಇದನ್ನು ನಾನು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಬುಧವಾರ ಎರಡನೇ ಜ್ವರದಿಂದ ಹುಳು ಏಳುವ ದಿನ. ಆರಕ್ಕೆ ಸೊಪ್ಪು, ಹತ್ತಕ್ಕೆ ಕಲ್ಯದ ರೈತ ಬಂದು ಎಂಟು ತಟ್ಟೆ ತೆಗೆದುಕೊಂಡು ಹೋಗಬೇಕು. ನಾನು ಆರು ಗಂಟೆಯ ಸಾಲಿನಲ್ಲಿ ಟಿಕ್ ಹಾಕಿದೆ, ಕೆಲಸ ಮುಗಿಸಿದೆ, ಬೀಗ ಹಾಕಿ ಬಂದೆ. ಎಂಟಕ್ಕೆ ಮತ್ತೆ ಬಾಗಿಲು ತೆಗೆದು ನೋಡಿದರೆ ಬೇರೆ ತಟ್ಟೆಗಳಲ್ಲಿ ಹುಳುಗಳು ತಿನ್ನುತ್ತಿದ್ದವು, ಐದನೇ ಮತ್ತು ಆರನೇ ತಟ್ಟೆಯಲ್ಲಿ ಮಾತ್ರ ಹಸಿರು ಸೊಪ್ಪು ಹಾಸಿದ ಹಾಗೇ ಇತ್ತು. ಒಂದು ಎಲೆ ಚೂರು ಎತ್ತಿದೆ. ಕೆಳಗೆ ಹುಳುಗಳು ತಲೆ ಎತ್ತಿ, ಮೈ ಮಿಣುಗುತ್ತ, ಇನ್ನೂ ಜ್ವರದಲ್ಲೇ ಕೂತಿದ್ದವು.

ಆ ಎರಡು ತಟ್ಟೆಗೆ ನಾನು ಸೊಪ್ಪು ಹಾಕಿದ ನೆನಪು ನನಗೆ ಇರಲಿಲ್ಲ.

ನನ್ನ ತಲೆಗೆ ಮೊದಲು ಬಂದ ವಿಚಾರವನ್ನು ಮುಚ್ಚಿಡುವುದಿಲ್ಲ. ಇದು ತಂಗಿಯ ಕೆಲಸ ಎಂದುಕೊಂಡೆ. ಬೀಗ ಹಾಕುವ ಮೊದಲು ನಾನು ಕೈ ತೊಳೆಯಲು ತೊಟ್ಟಿಯ ಹತ್ತಿರ ಹೋಗಿದ್ದೆ, ಬಾಗಿಲು ತೆರೆದಿತ್ತು, ಅವಳು ಕುಕ್ಕೆ ಹಿಡಿದು ಅಲ್ಲೇ ನಿಂತಿದ್ದಳು. ನನ್ನಿಂದ ತಪ್ಪಾಗಿದೆ ಎಂದು ತೋರಿಸಿದರೆ ಬೀಗದ ಕೈ ಅವಳಿಗೆ ಬರುತ್ತದೆ.

ಈ ಅನುಮಾನ ಅಂದು ಹುಟ್ಟಿದ್ದಲ್ಲ. ದಸರಾ ಕಳೆದ ಮೇಲೆ ಒಮ್ಮೆ ಕೆಲಸದ ಮೇಲೆ ಕನಕಪುರಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದವಳಿಗೆ ಹೋಗಬೇಕಾದ ದಾರಿ ಯಾವ ಕಡೆ ಎಂದು ತಿಳಿಯಲಿಲ್ಲ. ಹನ್ನೊಂದು ವರ್ಷ ದಿನವೂ ನಡೆದ ಊರು. ಎರಡು ನಿಮಿಷ ಇದ್ದಿರಬಹುದು. ಒಂದು ಬೇಕರಿಯ ಮುಂದೆ ನಿಂತು ಬನ್ನು ಆರಿಸುವವಳಂತೆ ನಟಿಸಿದೆ, ಆಮೇಲೆ ದಾರಿ ತಾನಾಗಿ ನೆನಪಾಯಿತು. ಮನೆಯಲ್ಲಿ ಹೇಳಲಿಲ್ಲ. ನನ್ನ ಶಿಸ್ತನ್ನು ಇನ್ನೂ ಬಿಗಿ ಮಾಡಿದೆ. ನಾಲ್ಕೂವರೆಗೆ ಏಳುತ್ತಿದ್ದವಳು ನಾಲ್ಕಕ್ಕೆ ಎದ್ದೆ. ಕೆರೆ ಏರಿಯ ಮೇಲೆ ನಡೆಯುವಾಗ ಹತ್ತೊಂಬತ್ತರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಿಕೊಂಡೆ. ಸಂಜೆ ತಂಗಿಯ ಜೊತೆ ಅಳಗುಳಿಮಣೆ. ನಿದ್ದೆ ಮಾತ್ರ ಕಡಿಮೆಯಾಗುತ್ತಾ ಹೋಯಿತು, ತಲೆ ಸುತ್ತು ಶುರುವಾಯಿತು, ಕೊನೆಗೆ ತಂಗಿ ಹಟ ಹಿಡಿದು ರಾಮನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ತಂಗಿಯನ್ನು ಹೊರಗೆ ಕೂರಿಸಿ ಕನಕಪುರದ ವಿಷಯ ಹೇಳಿದೆ. ಡಾಕ್ಟರು ನೂರರಿಂದ ಏಳೇಳು ಕಳೆಯಲು ಹೇಳಿದರು. ಎರಡಕ್ಕೆ ಬಂದು ನಿಲ್ಲುವವರೆಗೆ ಕಳೆದೆ. ಗಡಿಯಾರ ಬರೆಯಲು ಹೇಳಿದರು. ಅರವತ್ತು ಗೆರೆಯೂ ಹಾಕಿ ಕೊಟ್ಟೆ.

"ತಲೆ ಚೆನ್ನಾಗಿದೆ ಅಮ್ಮ, ಅದರ ಮೇಲೆ ಹೊರಿಸಿರೋ ಭಾರ ಜಾಸ್ತಿ. ರಾತ್ರಿ ನಿದ್ದೆ ಮಾಡಿ. ಗಡಿಯಾರಾನ ಒಸಿ ಮರೀರಿ" ಎಂದರು.

ಚೆನ್ನಾಗಿದೆ ಎನ್ನುವವರು ಮರೆಯಲು ಯಾಕೆ ಹೇಳುತ್ತಾರೆ ಎಂದು ನನಗೆ ಅನಿಸಿತು. ಮಾತ್ರೆ ತರಲು ನಾನು ಹೊರಗೆ ಬಂದಾಗ ತಂಗಿ ಒಳಗೆ ಹೋದಳು. ನಾನು ಮಾತ್ರೆ ಎಣಿಸಿಕೊಂಡು ಮುಗಿಸಿದರೂ ಅವಳು ಬರಲಿಲ್ಲ. ಬಂದ ಮೇಲೆ ಏನು ಮಾತಾಡಿದೆ ಎಂದರೆ, "ಏನಿಲ್ಲ ಕಣಕ್ಕ, ಮಂಡಿ ನೋವು" ಎಂದಳು. ಮಂಡಿ ನೋವಿಗೆ ಚೀಟಿ ಇರಲಿಲ್ಲ.

ಅಂದಿನಿಂದ ನಾನು ಅವಳನ್ನು ಗಮನಿಸಲು ಶುರು ಮಾಡಿದೆ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ "ಇವತ್ ಯಾವ ವಾರ ಅಕ್ಕ?" ಎಂದು ಕೇಳುತ್ತಿದ್ದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೂ ಅದೇ. ಅಡುಗೆಮನೆಯಲ್ಲಿ ದಪ್ಪ ಅಂಕಿಯ ಕ್ಯಾಲೆಂಡರ್ ನೇತುಹಾಕಿದಳು. ರಾಗಿ ಡ್ರಮ್ಮಿನ ಹಿಂದೆ ಒಂದು ನೋಟುಪುಸ್ತಕ ಇಟ್ಟಿದ್ದಳು, ನಾನು ಹೋದರೆ ಮುಚ್ಚುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಅಳಗುಳಿಮಣೆಯಲ್ಲಿ ಮೋಸ ಮಾಡುವುದನ್ನು ಬಿಟ್ಟಳು. ಚಿಕ್ಕಂದಿನಿಂದಲೂ ಅವಳು ಮುಷ್ಟಿಯಲ್ಲಿ ಒಂದು ಹುಣಸೆ ಬೀಜ ಉಳಿಸಿಕೊಂಡು ಆಡಿದವಳು. ಅಂಥವಳು ವಾರಕ್ಕೆ ಆರು ದಿನ ಸೋಲುತ್ತಿದ್ದಳು. ಬೇಕೆಂದೇ ಸೋಲುತ್ತಿದ್ದಾಳೆ, ನನ್ನ ಆಟ ಎಷ್ಟು ಕೆಟ್ಟಿದೆ ಎಂದು ನೋಡುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದ್ದೆ.

ಬುಧವಾರ ಎಂಟು ಗಂಟೆಗೆ ಇಷ್ಟೂ ಹೊತ್ತುಕೊಂಡು ಅಡುಗೆಮನೆಗೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

"ಐದನೇ ತಟ್ಟೆಗೆ ಸೊಪ್ಪು ಹಾಕಿದ್ದು ಯಾರೇ?"

"ಯಾಕಕ್ಕ?"

"ಕೇಳಿದ್ದಕ್ಕೆ ಹೇಳು."

"ನಾನ್ ಮುಟ್ಟಿಲ್ಲ ಕಣಕ್ಕ. ನಿನ್ ಅಪ್ಪಣೆ ಇಲ್ದೆ ಆ ರೂಮ್ನಾಗೆ ಸೊಳ್ಳೆನೂ ಹಾರಾಕಿಲ್ಲ, ನಾನ್ ಓಯ್ತೀನಾ?"

"ಹಂಗಾದ್ರೆ ಸೊಪ್ಪು ತಾನೇ ನಡ್ಕೊಂಡು ಬಂತಾ?"

ಅವಳು ರೊಟ್ಟಿ ತಿರುವಿದಳು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ದಿನಾ ವಾರ ಕೇಳ್ತೀಯಲ್ಲ, ಅದೂ ಡಾಕ್ಟ್ರು ಹೇಳ್ಕೊಟ್ಟಿದ್ದಾ? ನನ್ನ ತಲೆ ಕೆಟ್ಟಿದೆ ಅಂತ ಬರೆದಿಟ್ಕೊಂಡು ಯಾರಿಗೆ ತೋರಿಸ್ಬೇಕು ಅಂತಿದೀಯ?"

"ಓಗಕ್ಕ, ಬೆಳಿಗ್ಗೆ ಬೆಳಿಗ್ಗೆನೇ."

ನಾನು ನೇರವಾಗಿ ರಾಗಿ ಡ್ರಮ್ಮಿನ ಹಿಂದೆ ಕೈ ಹಾಕಿದೆ. "ಅದ ಬುಟ್ಬುಡಕ್ಕ" ಎಂದು ಅವಳು ಎದ್ದಳು. ಹಿಟ್ಟಿನ ಕೈ, ಹಿಡಿಯಲು ಆಗಲಿಲ್ಲ. ನೋಟುಪುಸ್ತಕ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ಕೊನೆಯ ಪುಟ ತೆರೆದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ದಪ್ಪ ಅಕ್ಷರ.

'ಬುಧವಾರ. ಆರು ಗಂಟೆ. ಅಕ್ಕ ಎಂಟು ತಟ್ಟೆಗೂ ಸೊಪ್ಪು ಹಾಕ್ತು. ಐದು, ಆರು ಇನ್ನೂ ಎದ್ದಿಲ್ಲ. ಕಿಟಕಿ ಪಕ್ಕ ಚಳಿ. ಹೇಳಲಿಲ್ಲ. ಹೇಳಿದರೆ ಬೈತದೆ.'

ಎರಡು ಸಲ ಓದಿದೆ. ಆಮೇಲೆ ಆ ಬೆಳಗನ್ನು ನಿಧಾನವಾಗಿ ಹಿಂದಕ್ಕೆ ಎಳೆದು ನೋಡಿದೆ. ಐದೂ ಮುಕ್ಕಾಲಿಗೆ ಕೋಣೆ ಹೊಕ್ಕವಳು ಮೊದಲು ರಿಜಿಸ್ಟರಿನಲ್ಲಿ ಆರರ ಸಾಲಿಗೆ ಟಿಕ್ ಹಾಕಿದ್ದೆ. ಇದು ನನ್ನ ಹಳೆಯ ಚಾಳಿ. ಕೆಲಸದಲ್ಲಿದ್ದಾಗ ಕೈ ತುಂಬ ಸೊಪ್ಪಿನ ರಸ ಆಗುವ ಮೊದಲೇ ಪುಸ್ತಕ ಬರೆದು ಮುಗಿಸಿಬಿಡುತ್ತಿದ್ದೆ. ಟಿಕ್ ಬಿದ್ದ ಮೇಲೆ ಕೆಲಸ ಆಗಲೇಬೇಕು, ಆಗುತ್ತಿತ್ತು. ಮೊದಲ ನಾಲ್ಕು ತಟ್ಟೆ ನೋಡಿದ್ದೆ, ಚೆನ್ನಾಗಿ ಎದ್ದಿದ್ದವು. ಅಲ್ಲಿಂದ ಮುಂದೆ ನಾನು ನೋಡಿದ್ದು ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು. ಇವಳೇಕೆ ಇಷ್ಟು ಹೊತ್ತು ನಿಂತಿದ್ದಾಳೆ, ಆ ದಿನ ಡಾಕ್ಟರಿಗೆ ಏನು ಹೇಳಿದಳು ಎಂದು ಯೋಚಿಸುತ್ತಿದ್ದೆ. ಕೈ ಸೊಪ್ಪು ಹಾಕುತ್ತಾ ಹೋಗಿತ್ತು. ತಲೆ ರಾಮನಗರದಲ್ಲಿತ್ತು.

ಸೊಪ್ಪು ನಾನೇ ಹಾಕಿದ್ದು.

ಕುರ್ಚಿಯಲ್ಲಿ ಕೂತು ಹಿಂದಿನ ಪುಟಗಳನ್ನು ತಿರುಗಿಸಿದೆ. ನನ್ನ ತಪ್ಪುಗಳ ಪಟ್ಟಿ ಇರುತ್ತದೆ ಎಂದು ಖಾತ್ರಿಯಿತ್ತು. ಇದ್ದದ್ದು ಬೇರೆ. ಹೊತ್ತುಹೊತ್ತಿಗೆ ಕೋಣೆಯ ಬಿಸಿ ಎಷ್ಟು, ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಜ್ವರಕ್ಕೆ ಕೂರುವ ಹುಳುವಿನ ತಲೆ ಹೇಗೆ ಸಣ್ಣಗೆ ಕಾಣುತ್ತದೆ. ನಾನು ಒಂದು ದಿನವೂ ಕಲಿಸದ್ದನ್ನು ಬಾಗಿಲಲ್ಲಿ ನಿಂತು ನೋಡಿ ಬರೆದುಕೊಂಡಿದ್ದಳು. ಇನ್ನೊಂದು ಪುಟದ ಮೇಲೆ 'ಮರೆತದ್ದು' ಎಂದಿತ್ತು. ಸೋಮವಾರ, ಒಲೆಯ ಮೇಲೆ ಹಾಲು. ಮಂಗಳವಾರ, ಪಕ್ಕದ ಮನೆಯವಳ ಹೆಸರು. ಶುಕ್ರವಾರ, ಕುಡುಗೋಲು ತೋಟದಲ್ಲೇ.

ಹಾಲು ಉಕ್ಕಿಸಿದವಳು ನಾನಲ್ಲ. ಕುಡುಗೋಲು ಹಿಡಿದು ನನಗೆ ಎಷ್ಟೋ ವರ್ಷವಾಯಿತು.

"ಇದು ಯಾರದು?" ಎಂದೆ.

"ನಂದೇ ಕಣಕ್ಕ." ಅವಳು ಒಲೆ ಆರಿಸಿ ಬಾಗಿಲ ಪಟ್ಟಿಗೆ ಒರಗಿ ಕೂತಳು. "ಆವತ್ತು ಡಾಕ್ಟ್ರುನ್ನ ಕೇಳ್ದೆ. ನಂಗೂ ಮರುವು ಬಂದಂಗೈತೆ ಸಾಮಿ, ಏನ್ ಮಾಡ್ಬೇಕು ಅಂದೆ. ಹೊಸ್ದು ಏನಾರ ಕಲ್ತ್ಕೊ, ಕಲ್ತದ್ದ ಬರ್ದಿಡು, ಮರ್ತದ್ದೂ ಬರ್ದಿಡು ಅಂದ್ರು. ಈ ಮನೇಲಿ ಹೊಸ್ದು ಅಂದ್ರೆ ಇನ್ನೇನೈತೆ? ನಿನ್ ಹುಳಾನೇ."

"ನನ್ನನ್ನೇ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಏನಂತಿದ್ದೆ? ಬೀಗದ ಕೈ ಮ್ಯಾಲೆ ಕಣ್ಣಾಕಿದ್ಯಾ ಅಂತಿದ್ದೆ."

ಅದು ನಿಜ. ಅಕ್ಷರಶಃ ಹಾಗೇ ಅನ್ನುತ್ತಿದ್ದೆ.

"ಮತ್ತೆ ವಾರ ಕೇಳೋದು?"

"ನಂಗೇ ತಿಳೀತಿರ್ನಿಲ್ಲ ಕಣಕ್ಕ. ಅದ್ಕೇ ಆ ಕ್ಯಾಲೆಂಡ್ರು ತಂದೆ."

ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಬಾರದು ಎಂದುಕೊಂಡೂ ಕೇಳಿದೆ. "ಅಳಗುಳಿಮಣೆಯಲ್ಲಿ ಮೋಸ ಬಿಟ್ಟಿದ್ದು ಯಾಕೆ?"

ಅವಳು ನಕ್ಕಳು, ಕಣ್ಣು ಒರೆಸಿಕೊಂಡು ಕೆನ್ನೆಗೆ ಹಿಟ್ಟು ಬಳಿದುಕೊಂಡಳು. "ಮೋಸ ಮಾಡಕ್ಕೂ ಗ್ಯಾಪಕ ಬೇಕಲ್ಲಕ್ಕ. ಯಾವ ಗುಣೀಲಿ ಎಷ್ಟೈತೆ ಅಂತ ತಲೇಲಿ ಇದ್ರೆ ತಾನೆ ಒಂದ್ ಬೀಜ ಎಗರ್ಸೋದು?"

ಆಗ ನಾನು ಕನಕಪುರದ ಬೇಕರಿಯ ವಿಷಯ ಹೇಳಿದೆ. ಡಾಕ್ಟರನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವಳು ಪೂರ್ತಿ ಕೇಳಿ, "ಬನ್ನಾರ ತಿಂದ್ಯಾ?" ಎಂದಳು. ಇಲ್ಲ ಎಂದೆ. "ಥೂ, ಕಳ್ದೋದೋಳು ಬನ್ ತಿನ್ಕೊಂಡಾರ ನಿಂತ್ಕೋಬಾರ್ದಾ" ಎಂದಳು.

ಆಗ ಒಂಬತ್ತಕ್ಕೆ ಹತ್ತು ನಿಮಿಷ. ರೈತ ಬರುವುದಕ್ಕೆ ಒಂದು ಗಂಟೆ ಚಿಲ್ಲರೆ ಇತ್ತು. ತಂಗಿಗೆ ಕೈಕಾಲು ತೊಳೆದು ಬಾ ಎಂದೆ, ಸೋಂಕು ತಡೆಯಲು ಬಾಗಿಲ ಬಳಿ ಇಟ್ಟ ಸುಣ್ಣದ ತಟ್ಟೆ ತುಳಿಸಿ ಒಳಗೆ ಕರೆದುಕೊಂಡೆ. ಆರು ವರ್ಷದಲ್ಲಿ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ಐದು, ಆರನೇ ತಟ್ಟೆಯಲ್ಲಿ ಅಷ್ಟರೊಳಗೆ ಎದ್ದು ಎಲೆ ಹತ್ತಿದ ಹುಳುಗಳನ್ನು ಎಲೆಯ ಸಮೇತ ಮೆಲ್ಲಗೆ ಎತ್ತಿ ಇನ್ನೊಂದು ಖಾಲಿ ತಟ್ಟೆಗೆ, ಒಂಬತ್ತನೆಯದಕ್ಕೆ, ಸೇರಿಸಬೇಕು, ಜ್ವರದಲ್ಲಿ ಇರುವವನ್ನು ಅಲ್ಲಾಡಿಸದೆ ಅಲ್ಲೇ ಬಿಡಬೇಕು. ಎದ್ದೂ ಒಂಟಿಯಾಗಿ ಉಳಿದವನ್ನು ಕೋಳಿ ಪುಕ್ಕದಿಂದ ಸರಿಸಬೇಕು. ಅವಳ ಕೈ ನನ್ನದಕ್ಕಿಂತ ಹಗುರ. ಒಂದು ಎಲೆ ಚೂರನ್ನು ನಾನು ಎತ್ತಲು ಹೋದಾಗ "ತಡಿ, ಅದ್ರಡೀಲಿ ಎರಡ್ ಕೂತವೆ" ಎಂದಳು. ಬಗ್ಗಿ ನೋಡಿದೆ. ಎರಡು ಕೂತಿದ್ದವು. ಐದಕ್ಕೂ ಆರಕ್ಕೂ ಮತ್ತೆ ಸುಣ್ಣದ ಪುಡಿ ಉದುರಿಸಿ, ಕಿಟಕಿಗೆ ಗೋಣಿ ತಾಟು ಕಟ್ಟಿ, ಇದ್ದಲ ಒಲೆಯನ್ನು ಆ ಮೂಲೆಗೆ ಸರಿಸಿದೆವು.

ಹತ್ತಕ್ಕೆ ಸರಿಯಾಗಿ ಕಲ್ಯದ ರೈತ ಲಗೇಜ್ ಆಟೊದಲ್ಲಿ ಬಂದ. ನಾನು ಮಾಗಡಿ ಕಡೆ ಕೆಲಸದಲ್ಲಿದ್ದ ಕಾಲದಿಂದ ಪರಿಚಯದವನು, ಅವನಿಗೂ ಅರವತ್ತು ದಾಟಿದೆ.

"ಎರಡು ತಟ್ಟೆ ಇವತ್ತು ಕೊಡಕ್ಕಾಗಲ್ಲ. ಇನ್ನೂ ಎದ್ದಿಲ್ಲ, ಅವಸರಪಟ್ಟು ಸೊಪ್ಪು ಹಾಕಿಬಿಟ್ಟೆ. ನನ್ನ ತಪ್ಪು" ಎಂದೆ.

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. "ಏನ್ ಮೇಡಮ್ನೋರೆ, ರೋಗಗೀಗ ಬಂದೈತಾ?"

"ರೋಗ ಇಲ್ಲ. ಹೇಳಿದೆನಲ್ಲ, ತಪ್ಪಾಯ್ತು."

"ಮೂವತ್ ವರ್ಸದಿಂದ ನಿಮ್ ಬಾಯಲ್ಲಿ ತಪ್ಪಾಯ್ತು ಅನ್ನೋದ ಕೇಳಿರ್ನಿಲ್ಲ. ಅದ್ಕೇ ಅನ್ಮಾನ. ಬ್ಯಾರೆ ಏನೋ ಐತೆ, ಮುಚ್ಚಿಡ್ತಿದೀರಾ."

ಅನುಮಾನ ಎದುರಿಗೆ ಬಂದು ನಿಂತರೆ ಹೇಗಿರುತ್ತದೆ ಎಂದು ಆ ಗಳಿಗೆ ತಿಳಿಯಿತು. ಎಷ್ಟು ನಿಜ ಹೇಳಿದರೂ ಅದಕ್ಕೆ ಸಾಲದು.

ತಂಗಿ ಒಳಗಿನಿಂದ ಕೂಗಿದಳು. "ರೋಗ ಅಲ್ಲ ಕಣಣ್ಣ. ಕಿಟ್ಕಿ ಚಳಿಗೆ ಜ್ವರ ತಡ ಆಗೈತೆ. ತಲೆ ನೋಡು ಬಾ, ಇನ್ನೂ ಸಣ್ಣಕ್ಕೈತೆ. ರೋಗದ್ ಹುಳ ಇಂಗ್ ತಲೆ ಎತ್ಕೊಂಡ್ ಕೂತ್ಕತದಾ?"

ಅವನು ಒಳಗೆ ಬಂದು ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಳ್ಳಲು ಕೈ ಚಾಚಿದ. ತಂಗಿ ಅವನ ಕೈಗೆ ಪುಕ್ಕದಿಂದ ಬಡಿದಳು. "ಜ್ವರದಲ್ಲಿರೋದ ಮುಟ್ಬಾರ್ದು."

"ಅಯ್ಯಯ್ಯಪ್ಪಾ! ಒಬ್ರು ಮೇಡಮ್ಮೇ ಸಾಕಾಗಿತ್ತು, ಈಗ ಎರಡಾದ್ರಲ್ಲಪ್ಪಾ" ಎಂದು ಅವನು ನಕ್ಕ. ಆರು ತಟ್ಟೆಯ ಜೊತೆ ಒಂಬತ್ತನೆಯದನ್ನೂ ಏರಿಸಿಕೊಂಡ. "ಉಳ್ದಿದ್ಕೆ ನಾಳೆ ಬತ್ತೀನಿ. ಬ್ಯಾರೆ ತಟ್ಟೇಲೇ ಮಡಗ್ತೀನಿ, ಬೆರ್ಸಾಕಿಲ್ಲ" ಎಂದು, ಹೋಗುವಾಗಲೂ ಒಮ್ಮೆ ತಿರುಗಿ ನೋಡಿ ಹೋದ. ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ. ಹೋಗಬೇಕಾಗಿಯೂ ಇಲ್ಲ. ನಾಳೆ ಬಂದು ಹುಳು ನೋಡಿದರೆ ತಿಳಿಯುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗಿದೆ. ಹಗಲು ಮಲಗುವುದು ನನ್ನ ದಿನಚರಿಯಲ್ಲಿ ಇಲ್ಲ. ಎರಡು ಗಂಟೆಯ ರೀಡಿಂಗ್ ತಂಗಿ ನೋಡಿ ಬರೆದಳು. ಎದ್ದ ತಕ್ಷಣ ನಾನೂ ಹೋಗಿ ನೋಡಿದೆ ಎಂಬುದನ್ನೂ ಬರೆಯಲೇಬೇಕು. ಅವಳು ಇಪ್ಪತ್ತೇಳು ಎಂದು ಬರೆದಿದ್ದಳು, ಇಪ್ಪತ್ತೇಳೇ ಇತ್ತು.

ನಾಲ್ಕರಿಂದ ಹುಳು ಏಳಲು ಶುರುವಾಯಿತು. ಕಾಯುವ ಹೊತ್ತಿಗೆ ಜಗಲಿಯಲ್ಲಿ ಅಳಗುಳಿಮಣೆ ಹಾಕಿದೆವು. ಅವಳಿಗೆ ಗುಣಿಯ ಲೆಕ್ಕ ತಪ್ಪಿದಾಗ ಈ ಸಲ ಬಾಯಿಬಿಟ್ಟು ಕೇಳಿದಳು, ನಾನು ಹೇಳಿದೆ. ಆಟ ಮುಗಿದು ಬೀಜ ಎಣಿಸಿದರೆ ಒಂದು ಕಡಿಮೆ. ಅವಳ ಮುಖ ನೋಡಿದೆ. ಅವಳು ಕೆರೆಯ ಕಡೆ ನೋಡುತ್ತಿದ್ದಳು. ಬೀಜ ಅವಳ ಸೆರಗಿನ ಮಡಿಕೆಯಲ್ಲಿ ಸಿಕ್ಕಿತು. ಕದ್ದದ್ದೋ, ಮರೆತದ್ದೋ, ನಾನು ಕೇಳಲಿಲ್ಲ. ಕದ್ದದ್ದೇ ಇರಲಿ ಎಂದುಕೊಂಡೆ.

ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಕೋಣೆಗೆ ಹೋದೆವು. ಹೆಚ್ಚಿದ ಸೊಪ್ಪಿನ ಕುಕ್ಕೆ ಸಿದ್ಧವಿತ್ತು. ಗಡಿಯಾರದಲ್ಲಿ ಆರಾಯಿತು. ನನ್ನ ಕೈ ಕುಕ್ಕೆಗೆ ಹೋಯಿತು.

"ತಡ್ಕೋ ಅಕ್ಕ. ಆರ್ನೇದ್ರಲ್ಲಿ ಇನ್ನೂ ಏಳ್ಬೇಕು."

ಕುಕ್ಕೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತೆ. ಆರೂ ಐದು. ಆರೂ ಹತ್ತು. ರಿಜಿಸ್ಟರಿನಲ್ಲಿ ಸಂಜೆ ಆರರ ಸಾಲು ಖಾಲಿಯಾಗಿ ನನ್ನ ಮುಂದೆ ತೆರೆದಿತ್ತು. ನನ್ನ ಇಷ್ಟು ವರ್ಷದ ಪುಸ್ತಕದಲ್ಲಿ ಗಂಟೆ ದಾಟಿದ ಮೇಲೂ ಖಾಲಿ ಉಳಿದ ಸಾಲು ಅದೊಂದೇ. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿ ಪುಸ್ತಕದ ಮೇಲಿಟ್ಟೆ. ತಂಗಿ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದಳು. ಹುಳುಗಳು ಸುಣ್ಣದಿಂದ ಮೈ ಬಿಡಿಸಿಕೊಂಡು, ಅಗಲವಾದ ಹೊಸ ತಲೆ ಆಡಿಸುತ್ತಾ, ಒಂದೊಂದಾಗಿ ಹರಿದಾಡತೊಡಗಿದವು.

"ಈಗ ಆಕು" ಎಂದಳು.

"ನೀನೇ ಹಾಕು" ಎಂದೆ.

ಅವಳು ಐದನೇ ತಟ್ಟೆಗೆ ಹಾಕಿದಳು, ಆರನೆಯದಕ್ಕೆ ಹಾಕಿದಳು, ಅಂಚಿನವರೆಗೂ ತೆಳ್ಳಗೆ ಹರಡಿದಳು. ಕೈ ತೊಳೆದುಕೊಂಡು ಬಂದು ಪೆನ್ನು ತೆಗೆದುಕೊಂಡು ಆರೂ ಇಪ್ಪತ್ತೈದು ಎಂದು ಬರೆದಳು. ನಾನು ಎರಡೂ ತಟ್ಟೆಯನ್ನು ಕಣ್ಣಿಂದ ನೋಡಿ, ಆಮೇಲೆ ಟಿಕ್ ಹಾಕಿದೆ. ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸದೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ.